ಇಂಪ್ಲಾಂಟ್ ತೆಗೆದ ಮೇಲೆ

ಇಂಪ್ಲಾಂಟ್ ತೆಗೆಸಿಬಿಟ್ಟರೆ ಸ್ತನ ಹಳೆಯ ಆಕಾರಕ್ಕೆ ಮರಳುತ್ತದೆ ಎಂಬ ನಂಬಿಕೆ ಸಾಮಾನ್ಯ. ಹಲವರ ವಿಷಯದಲ್ಲಿ ಅದು ಸುಳ್ಳಾಗುತ್ತದೆ. ವರ್ಷಗಟ್ಟಲೆ ಒಳಗಿದ್ದ ಸಿಲಿಕೋನ್ ಚೀಲ ಚರ್ಮವನ್ನು ಹಿಗ್ಗಿಸಿರುತ್ತದೆ, ಸ್ತನದ ಅಂಗಾಂಶವನ್ನು ಒತ್ತಿ ತೆಳುಮಾಡಿರುತ್ತದೆ. ಅದು ಹೊರಬಂದಾಗ ಚರ್ಮ ಜೋಲುತ್ತದೆ, ಎದೆಯ ಮೇಲ್ಭಾಗ ಬರಿದಾಗುತ್ತದೆ, ತೊಟ್ಟು ಕೆಳಕ್ಕೆ ವಾಲುತ್ತದೆ.

ಸಿಲಿಕೋನ್ ಇಂಪ್ಲಾಂಟ್ ಮೊದಲು ಬಳಕೆಯಾದದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಅದು ಜೀವನಪೂರ್ತಿ ಬಾಳುವ ವಸ್ತುವಲ್ಲ. ಚೀಲ ಹರಿಯಬಹುದು, ಅದರ ಸುತ್ತ ದೇಹವೇ ಕಟ್ಟಿಕೊಳ್ಳುವ ಪೊರೆ ಬಿಗಿದು ನೋವು ಕೊಡಬಹುದು. ಅಪರೂಪದ ಲಿಂಫೋಮಾ ಕ್ಯಾನ್ಸರ್‌ನ ನಂಟು ಕಂಡುಬಂದದ್ದರಿಂದ ಅಲರ್ಗನ್ ಕಂಪನಿ 2019ರಲ್ಲಿ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಿತು. ಆದರೂ ಯಾವ ಲಕ್ಷಣವೂ ಇಲ್ಲದವರು ಅವನ್ನು ತೆಗೆಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಲಿಲ್ಲ. ಪೊರೆಯನ್ನೂ ಇಡಿಯಾಗಿ ಕಿತ್ತು ತೆಗೆಯಲೇಬೇಕೆಂಬ ಪ್ರಚಾರ ಈಚೆಗೆ ಜೋರಾಗಿದೆ. ಆ ಕ್ಯಾನ್ಸರ್ ಇದ್ದಾಗ ಅದು ಅಗತ್ಯ. ಉಳಿದವರಿಗೆಲ್ಲ ಅದೇ ಮಾಡಿದರೆ ರಕ್ತಸ್ರಾವದ ಅಪಾಯ ವೃಥಾ ಹೆಚ್ಚುತ್ತದೆ.

ಚರ್ಮದಲ್ಲಿ ಇನ್ನೂ ಬಿಗಿ ಉಳಿದಿದ್ದರೆ ಬೇರೇನೂ ಮಾಡದೆ ಕಾಯಬಹುದು. ಕೆಲವು ತಿಂಗಳಲ್ಲಿ ಅದು ತಾನೇ ಒಂದಷ್ಟು ಕುಗ್ಗುತ್ತದೆ. ಜೋಲು ಹೆಚ್ಚಿದ್ದರೆ ಸ್ತನವನ್ನು ಮೇಲೆತ್ತುವ ಮಾಸ್ಟೊಪೆಕ್ಸಿ ಬೇಕಾಗುತ್ತದೆ. ಇದರ ಗುರುತುಗಳನ್ನು ಆಪರೇಷನ್‌ಗೆ ಮುನ್ನ, ಮಹಿಳೆ ನೆಟ್ಟಗೆ ನಿಂತಿರುವಾಗಲೋ ಕೂತಿರುವಾಗಲೋ ಪೆನ್ನಿನಿಂದ ಹಾಕುತ್ತಾರೆ. ಮಲಗಿದರೆ ಸ್ತನ ಪಕ್ಕಕ್ಕೆ ಸರಿದು ಅಳತೆ ತಪ್ಪುತ್ತದೆ. ಜೋಲು ಎಷ್ಟಿದೆ ಎಂಬುದರ ಮೇಲೆ ಗಾಯದ ಗುರುತು ತೊಟ್ಟಿನ ಸುತ್ತಲಷ್ಟೇ ಉಳಿಯಬಹುದು, ಅಲ್ಲಿಂದ ನೇರ ಕೆಳಗಿಳಿಯಬಹುದು, ಇಲ್ಲವೆ ಲಂಗರಿನ ಆಕಾರದಲ್ಲಿ ಸ್ತನದ ಬುಡಕ್ಕೂ ಹರಡಬಹುದು.

ಇಲ್ಲಿ ನಿಜವಾದ ಆತಂಕ ತೊಟ್ಟಿಗೆ ಹರಿಯುವ ರಕ್ತದ್ದು. ತೆಳುವಾದ ಅಂಗಾಂಶದಲ್ಲಿ ಒಂದೇ ಸಲಕ್ಕೆ ಪೊರೆ ತೆಗೆದು, ಚರ್ಮ ಕತ್ತರಿಸಿ, ತೊಟ್ಟನ್ನೂ ಮೇಲಕ್ಕೆ ಸರಿಸಿದರೆ ರಕ್ತನಾಳಗಳು ತಾಳದೆ ಹೋಗಬಹುದು. ಧೂಮಪಾನ ಮಾಡುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಆಪರೇಷನ್‌ಗೆ ಕೆಲವು ವಾರ ಮೊದಲೇ ಸಿಗರೇಟು ಬಿಡಬೇಕು. ಅಪಾಯ ಹೆಚ್ಚಿರುವವರಲ್ಲಿ ಮೊದಲು ಇಂಪ್ಲಾಂಟ್ ತೆಗೆದು, ತಿಂಗಳುಗಳ ನಂತರ ಎರಡನೇ ಆಪರೇಷನ್ ಮಾಡುವುದೇ ಜಾಣತನ. ಎಲ್ಲವನ್ನೂ ಒಂದೇ ದಿನ ಮುಗಿಸುವ ಅವಸರ ಒಳ್ಳೆಯದಲ್ಲ.

ಕಳೆದುಹೋದ ತುಂಬುತನವನ್ನು ಹೊಟ್ಟೆ, ತೊಡೆಗಳ ಕೊಬ್ಬಿನಿಂದ ಸ್ವಲ್ಪ ಮರಳಿಸಬಹುದು. ತುಂಬಿದ ಕೊಬ್ಬಿನಲ್ಲಿ ಒಂದು ಪಾಲು ಕರಗಿಹೋಗುತ್ತದೆ. ಉಳಿದದ್ದರಲ್ಲಿಯೂ ಅಲ್ಲಲ್ಲಿ ಗಂಟುಗಳಾಗಿ ಮ್ಯಾಮೊಗ್ರಾಂನಲ್ಲಿ ಕಾಣಿಸಬಹುದು. ಹಾಗಾಗಿ ಆಪರೇಷನ್ನಿನ ದಾಖಲೆಗಳನ್ನು ಜೋಪಾನವಾಗಿಟ್ಟು, ಮುಂದೆ ಯಾವಾಗ ತಪಾಸಣೆಗೆ ಹೋದರೂ ರೇಡಿಯಾಲಜಿ ವೈದ್ಯರಿಗೆ ತೋರಿಸಬೇಕು.