ಪಕ್ಕದ ಮನೆಯದು ಕಾಣುತ್ತೆ, ನಮ್ಮದು ಕಾಣಲ್ಲ

“ಮೇಷ್ಟ್ರೇ, ಇವಳಿಗೆ ನೀವಾದರೂ ಸ್ವಲ್ಪ ಬುದ್ಧಿ ಹೇಳಿ” ಎನ್ನುತ್ತ ನಮ್ಮ ಬೀದಿಯ ದರ್ಜಿ ಮಗಳನ್ನು ಕರೆದುಕೊಂಡು ಬಂದಾಗ ಸಂಜೆ ಆರೂವರೆ. ಹುಡುಗಿ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ, ಈಗ ಎರಡನೇ ಪಿಯುಸಿ. ಕೈಯಲ್ಲಿ ಸೋದರಮಾವ ಬಳಸಿ ಬಿಟ್ಟ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್ ತೆವಳುತ್ತಿದ್ದುದರಿಂದ ಆರು ತಿಂಗಳ ಹಿಂದೆ ತಾನೇ ಲಿನಕ್ಸ್ ಹಾಕಿಕೊಂಡಿದ್ದಳು. ಚೆನ್ನಾಗಿಯೇ ನಡೆಯುತ್ತಿತ್ತು. ನಾಲ್ಕು ದಿನದಿಂದ ಮಾತ್ರ ಮನೆಯ ವೈಫೈ ಸಿಗುತ್ತಿಲ್ಲ. ಅಪ್ಪನ ಮೊಬೈಲ್‌ಗೆ ಸಿಗುತ್ತದೆ, ಅಣ್ಣನ ಮೊಬೈಲ್‌ಗೆ ಸಿಗುತ್ತದೆ, ಇದಕ್ಕಿಲ್ಲ. ರಿಪೇರಿ ಅಂಗಡಿಯಲ್ಲಿ, “ಲಿನಕ್ಸ್ ತೆಗೆದು ವಿಂಡೋಸ್ ಹಾಕಬೇಕು, ಕಾರ್ಡೂ ಹೋಗಿರಬಹುದು, 1,800 ರೂಪಾಯಿ ಆಗುತ್ತೆ” ಎಂದರಂತೆ. ತಂದೆಯ ತೀರ್ಪೂ ಅದೇ. ಮಗಳು ಬೇಡದ್ದನ್ನು ಹಾಕಿ ಕೆಡಿಸಿದಳು!

“ಏನಾಗಿದೆಯಮ್ಮಾ, ನೀನು ಹೇಳು” ಎಂದೆ.

“ಪಕ್ಕದ ಮನೆಯವರ ವೈಫೈ ಹೆಸರು ಕಾಣುತ್ತೆ ಸರ್. ಎದುರುಮನೆಯದೂ ಕಾಣುತ್ತೆ. ನಮ್ಮದೇ ಕಾಣಲ್ಲ.”

ಅಂಗಡಿಯಲ್ಲಿ ಇದನ್ನು ಹೇಳಿದೆಯಾ ಎಂದು ಕೇಳಿದೆ. ಎರಡು ಸಲ ಹೇಳಿದಳಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಆ ಮಾತಿನಲ್ಲೇ ಅರ್ಧ ಉತ್ತರವಿದೆ. ಪಕ್ಕದ ಮನೆಯ ಅಲೆಗಳನ್ನು ಹಿಡಿಯುವ ಕಾರ್ಡು ಸತ್ತಿರಲಾರದು. ಕಾರ್ಡಿನೊಡನೆ ವ್ಯವಹರಿಸಲು ಲಿನಕ್ಸ್‌ಗೆ ಬಾರದಿದ್ದರೆ ಯಾರ ಮನೆಯ ಹೆಸರೂ ಕಾಣುತ್ತಿರಲಿಲ್ಲ. ಆ ತೊಂದರೆಯೂ ಇಲ್ಲದ್ದೇನಲ್ಲ. ಬ್ರಾಡ್‌ಕಾಮ್‌ನ ಕೆಲವು ಚಿಪ್ಪುಗಳಿಗೆ ಬೇಕಾದ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಬೇರೆಯಾಗಿಯೇ ಹಾಕಿಕೊಳ್ಳಬೇಕು. ಇನ್ನು ಕೆಲವೊಮ್ಮೆ ವಿಮಾನದ ಚಿತ್ರವಿರುವ ಕೀಲಿಯನ್ನು ಯಾರೋ ಒತ್ತಿಬಿಟ್ಟಿರುತ್ತಾರೆ. ಆಗ ಟರ್ಮಿನಲ್ ತೆರೆದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ‘ಆರ್‌ಎಫ್‌ಕಿಲ್ ಲಿಸ್ಟ್’ ಎಂದು ಕೊಟ್ಟರೆ, ತಡೆ ತಂತ್ರಾಂಶದಿಂದಲೋ ಪಕ್ಕದ ಸ್ವಿಚ್ಚಿನಿಂದಲೋ ಎಂಬುದನ್ನು ಅದೇ ಹೇಳುತ್ತದೆ. ಇಲ್ಲಿ ಅವೆರಡೂ ಆಗಿರಲು ಸಾಧ್ಯವಿಲ್ಲ.

ನಮ್ಮ ಮನೆಯ ವೈಫೈಗೆ ಲ್ಯಾಪ್‌ಟಾಪನ್ನು ಸೇರಿಸಿದೆ. ಅರ್ಧ ನಿಮಿಷದಲ್ಲಿ ಸೇರಿತು, ವಾರ್ತೆಯ ಪುಟವೂ ತೆರೆಯಿತು. ದರ್ಜಿಯವರು ಕನ್ನಡಕ ಮೇಲೇರಿಸಿ ನೋಡಿದರು. “ನಿಮ್ಮ ಮನೆಯಲ್ಲಿ ಬರುತ್ತೆ, ನಮ್ಮ ಮನೆಯಲ್ಲಿ ಬರಲ್ಲ ಅಂದರೆ?”

ಆಗ ‘ಐಡಬ್ಲ್ಯೂ ಲಿಸ್ಟ್’ ಎಂಬ ಇನ್ನೊಂದು ಆದೇಶ ಕೊಟ್ಟೆ. ಪರದೆಯ ಮೇಲೆ ಉದ್ದನೆಯ ಪಟ್ಟಿ ಬಂತು. ಅದರಲ್ಲಿ ನಮಗೆ ಬೇಕಾದದ್ದು ಬ್ಯಾಂಡ್ ಎಂಬ ಸಾಲು ಮಾತ್ರ. ಈ ಯಂತ್ರದಲ್ಲಿ ಬ್ಯಾಂಡ್ 1 ಇತ್ತು, ಬ್ಯಾಂಡ್ 2 ಇರಲಿಲ್ಲ. ಅಂದರೆ ಕಾರ್ಡಿಗೆ 2.4 ಗಿಗಾಹರ್ಟ್ಸ್‌ನ ಅಲೆಗಳು ಮಾತ್ರ ಕೇಳಿಸುತ್ತವೆ, 5 ಗಿಗಾಹರ್ಟ್ಸ್‌ನವು ಕೇಳಿಸುವುದಿಲ್ಲ. ಮಗಳಿಗೆ ಥಟ್ಟನೆ ಹೊಳೆಯಿತು. ತಂದೆಗೆ ಅವರ ಅಂಗಡಿಯ ಹಳೆಯ ರೇಡಿಯೊವನ್ನು ನೆನಪಿಸಿದೆ. ಮೀಡಿಯಂ ವೇವ್ ಮಾತ್ರ ಇರುವ ಪೆಟ್ಟಿಗೆಯಲ್ಲಿ ಎಫ್‌ಎಂ ಹಾಡು ಬರುತ್ತದೆಯೇ? ಬರದಿದ್ದರೆ ರೇಡಿಯೊ ಕೆಟ್ಟಿದೆಯೆಂದೇ?

ಲೆಕ್ಕ ಬೇಕೆನ್ನುವವರು ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿ ನೋಡಬಹುದು. 2.4 ಗಿಗಾಹರ್ಟ್ಸ್‌ಗೆ ತರಂಗದೂರ ಹನ್ನೆರಡೂವರೆ ಸೆಂಟಿಮೀಟರ್. 5ರದು 6 ಸೆಂಟಿಮೀಟರ್. ಎರಡನೆಯದರಲ್ಲಿ ವೇಗ ಹೆಚ್ಚು, ಜನಸಂದಣಿ ಕಡಿಮೆ, ಆದರೆ ಗೋಡೆ ದಾಟುವಾಗ ಹೆಚ್ಚು ಸೊರಗುತ್ತದೆ. ಮೊದಲನೆಯದರಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು 1, 6, 11 ಎಂಬ ಮೂರೇ ಇರುವುದರಿಂದ ಮನೆಗೆ ಮನೆ ಅಂಟಿಕೊಂಡ ನಮ್ಮಂಥ ಬೀದಿಯಲ್ಲಿ ನೂಕುನುಗ್ಗಲು.

ಇನ್ನು ಉಳಿದದ್ದು, ನಾಲ್ಕು ದಿನದ ಹಿಂದೆ ಏನಾಯಿತು ಎಂಬ ಪ್ರಶ್ನೆ. ಮೂವರೂ ಅವರ ಮನೆಗೆ ಹೋದೆವು. ತಂದೆಯ ಮೊಬೈಲ್‌ನಲ್ಲಿ ವೈಫೈ ವಿವರ ತೆರೆದರೆ ಆವೃತ್ತಿಯ ಜಾಗದಲ್ಲಿ 5 ಗಿಗಾಹರ್ಟ್ಸ್ ಎಂದಿತ್ತು. ರೌಟರ್ ಪೆಟ್ಟಿಗೆಯ ಕೆಳಗೆ ಅಂಟಿಸಿದ ಚೀಟಿಯಲ್ಲಿ 192.168.1.1 ಎಂಬ ವಿಳಾಸ. ಮೊಬೈಲ್‌ನಿಂದ ಆ ಪುಟಕ್ಕೆ ಹೋಗಿ ನೋಡಿದರೆ 2.4ರ ಗುಂಡಿ ಆರಿಸಿಟ್ಟಿದೆ.

ಮಂಚದ ಮೇಲಿದ್ದ ಅಣ್ಣ ಎದ್ದು ಕುಳಿತ. ಬಿ.ಕಾಂ. ಓದುತ್ತಿರುವ ಹುಡುಗ. “ಸರ್, ಅದು... ಆಟ ನಿಧಾನ ಆಗ್ತಿತ್ತು. 2.4 ಆಫ್ ಮಾಡಿದರೆ ಸ್ಪೀಡ್ ಬರುತ್ತೆ ಅಂತ ವಿಡಿಯೊದಲ್ಲಿ ಹೇಳಿದ್ರು.” ಅವನ ಮೊಬೈಲ್‌ಗೆ ವೇಗ ಬಂದದ್ದೂ ನಿಜವೇ. ತಂಗಿಯ ಯಂತ್ರಕ್ಕೂ ಅದಕ್ಕೂ ಸಂಬಂಧವಿದೆಯೆಂದು ಅವನಿಗೆ ತೋಚಿರಲಿಲ್ಲ, ಪಾಪ. ತಂಗಿಯಂತೂ ಅವನನ್ನು ನೋಡಿದ ನೋಟದಲ್ಲಿ ನಾಲ್ಕು ದಿನದ ಬೈಗುಳವೆಲ್ಲ ಇತ್ತು. ಗುಂಡಿ ಹಾಕಿ ಉಳಿಸಿದೆವು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಮನೆಯ ಹೆಸರು ಬಂತು. ಅಣ್ಣನಿಗೆ 5, ತಂಗಿಗೆ 2.4, ಎರಡೂ ಒಟ್ಟಿಗೆ ನಡೆಯುತ್ತವೆ, ಜಗಳವಿಲ್ಲ.

“ಲಿನಕ್ಸ್ ಇರಲಿ ಅಂತೀರಾ?” ಎಂದು ದರ್ಜಿಯವರು ಕೇಳಿದರು. ವಿಂಡೋಸ್ ಹಾಕಿದ್ದರೂ ಅದೇ ಕಾರ್ಡು, ಅದೇ ಕಿವಿ, 1,800 ರೂಪಾಯಿ ಕೊಟ್ಟ ಮೇಲೂ ಮನೆಯ ಹೆಸರು ಕಾಣುತ್ತಿರಲಿಲ್ಲ ಎಂದೆ. ಅವರು ಮಗಳ ಕಡೆ ತಿರುಗಿ, “ನೀನು ಹೇಳಿದ್ದು ಸರಿ ಕಣಮ್ಮ” ಎಂದರು. ಕಾಫಿ ಬಂತು.

ಹೆಸರು ಕಂಡು, ಸೇರಿಯೂ ಪುಟ ತೆರೆಯದಿದ್ದರೆ ಕಥೆ ಬೇರೆ. ಆಗ ರೌಟರಿನಿಂದ ಹೊರಕ್ಕೆ ಒಂದೊಂದೇ ಮೆಟ್ಟಿಲು ಹುಡುಕುತ್ತ ಹೋಗಬೇಕು. ‘ಪಿಂಗ್’ ಎಂದು ಬರೆದು ಮುಂದೆ ರೌಟರಿನ ವಿಳಾಸ ಕೊಡಿ. ಉತ್ತರ ಬಾರದಿದ್ದರೆ ತೊಂದರೆ ಮನೆಯೊಳಗೇ ಇದೆ. ಬಂದರೆ ಮುಂದೆ 8.8.8.8 ಎಂದು ಕೊಡಿ, ಅದು ಗೂಗಲ್‌ನ ಒಂದು ಸರ್ವರ್. ಅಲ್ಲಿಂದಲೂ ಉತ್ತರ ಬಂದು, ಜಾಲತಾಣದ ಹೆಸರು ಕೊಟ್ಟಾಗ ಮಾತ್ರ ಬಾರದಿದ್ದರೆ, ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ವ್ಯವಸ್ಥೆ ಕೈಕೊಟ್ಟಿದೆ ಎಂದು ತಿಳಿಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ನಿಮಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ಈ ವಾರದ ಮನೆಗೆಲಸ: ಲಿನಕ್ಸ್ ಇದ್ದವರು ‘ಎನ್‌ಎಮ್‌ಸಿಎಲ್‌ಐ ಡಿವೈಸ್ ವೈಫೈ ಲಿಸ್ಟ್’ ಎಂಬ ಆದೇಶ ಕೊಟ್ಟು ಚಾನೆಲ್ ಸಂಖ್ಯೆಗಳನ್ನು ನೋಡಿ. 1ರಿಂದ 13ರವರೆಗಿನವು 2.4, 36ರಿಂದ ಮೇಲಿನವು 5. ಲ್ಯಾಪ್‌ಟಾಪ್ ಹಿಡಿದು ರೌಟರಿನ ಬಳಿ ಒಮ್ಮೆ, ನಡುಮನೆಯಲ್ಲಿ ಒಮ್ಮೆ, ಅಡಿಗೆಮನೆಯಲ್ಲಿ ಒಮ್ಮೆ ಸಿಗ್ನಲ್ ಅಂಕವನ್ನು ಬರೆದುಕೊಳ್ಳಿ. ನಡುವೆ ಎಷ್ಟು ಗೋಡೆ ಬಂತೆಂದೂ ಗುರುತು ಹಾಕಿ.