ಸೋಲಿನ ಲೆಕ್ಕವನ್ನೂ ಹಾಕಬೇಕು

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಯಾವ ಮದುವೆ ಮನೆಗೆ ಹೋದರೂ, ಮೂವತ್ತರ ಸಮೀಪಕ್ಕೆ ಬಂದು ಇನ್ನೂ ಪರೀಕ್ಷೆ ಬರೆಯುತ್ತಿರುವ ಯುವಕನನ್ನು ಒಂದು ಪ್ರಶ್ನೆ ಹುಡುಕಿಕೊಂಡು ಬರುತ್ತದೆ: ‘ಏನಪ್ಪಾ, ಇನ್ನೂ ಮುಗೀಲಿಲ್ವಾ ನಿನ್ನ ಓದು?’ ಯುವತಿಯಾದರೆ ಪ್ರಶ್ನೆ ಅವಳ ತಂದೆ ತಾಯಿಗೆ. ಕೇಳಿದವರಲ್ಲಿ ದುರುದ್ದೇಶವೇನೂ ಇರುವುದಿಲ್ಲ. ಆದರೆ ಮುಂದಿನ ಮದುವೆಗೆ ಆ ಯುವಕ ಬರುವುದಿಲ್ಲ. ವೃತ್ತಿಪರ ಪರೀಕ್ಷೆಗಳಲ್ಲಿ ಪದೇ ಪದೇ ಸೋಲುವವರ ಏಕಾಂತ ಹೀಗೆ ಆರಂಭವಾಗುತ್ತದೆ.

ಲೆಕ್ಕ ಪರಿಶೋಧಕರ ಪರೀಕ್ಷೆ, ಅಂದರೆ ಸಿ.ಎ., ನಮ್ಮ ತಾಲ್ಲೂಕು ಕೇಂದ್ರಗಳಿಗೂ ಪರಿಚಿತ. ಆ್ಯಕ್ಚುಯರಿ ಎಂಬ ವೃತ್ತಿಯನ್ನು ಮಾತ್ರ ಇನ್ನೂ ವಿವರಿಸಿ ಹೇಳಬೇಕಾಗಿದೆ. ಸಾವು, ಕಾಯಿಲೆ, ಅಪಘಾತ, ಬೆಳೆನಾಶದಂತಹ ನಷ್ಟಗಳ ಸಂಭವವನ್ನು ಗಣಿತದಿಂದ ಅಳೆದು ವಿಮೆಯ ಕಂತು, ಪಿಂಚಣಿಯ ಹೊಣೆ ನಿರ್ಧರಿಸುವವರು ಇವರು. 1944ರಲ್ಲಿ ಸ್ಥಾಪನೆಯಾದ ಭಾರತೀಯ ಆ್ಯಕ್ಚುಯರಿಗಳ ಸಂಘ, 2006ರ ಆ್ಯಕ್ಚುಯರಿಗಳ ಕಾಯ್ದೆಯಿಂದ ಶಾಸನಬದ್ಧ ಸಂಸ್ಥೆಯಾಯಿತು. 2012ರಿಂದ ಪ್ರವೇಶ ಪರೀಕ್ಷೆಯೂ ಇದೆ. 2019ರಲ್ಲಿ ಜಾರಿಗೆ ಬಂದ ಪಠ್ಯಕ್ರಮದಂತೆ ಪೂರ್ಣ ಅರ್ಹತೆಗೆ ಹದಿಮೂರು ಪತ್ರಿಕೆಗಳ ಹಾದಿ. ಪರೀಕ್ಷೆ ವರ್ಷಕ್ಕೆ ಎರಡು ಬಾರಿ. ಗಣಿತದಲ್ಲಿ ಜಾಣರೆನಿಸಿಕೊಂಡ ಮಕ್ಕಳನ್ನು ಈ ಹಾದಿ ಸಹಜವಾಗಿಯೇ ಸೆಳೆಯುತ್ತದೆ. ಶಾಲೆಯಲ್ಲಿ ಎಂದೂ ಸೋಲದವರು ಜೀವನದ ಮೊದಲ ಸೋಲನ್ನು ಇಲ್ಲಿ ಕಾಣುತ್ತಾರೆ.

ಸಂಭವದ ಶಾಸ್ತ್ರವನ್ನೇ ಓದುವ ಇವರು ತಮ್ಮ ಸೋಲಿನ ಸಂಭವವನ್ನು ಮಾತ್ರ ಲೆಕ್ಕ ಹಾಕಿರುವುದಿಲ್ಲ ಎಂಬುದು ವಿಪರ್ಯಾಸ. ಒಂದು ಸರಳ ಲೆಕ್ಕ ನೋಡೋಣ. ಪ್ರತಿ ಪತ್ರಿಕೆಯಲ್ಲೂ ತೇರ್ಗಡೆಯಾಗುವ ಸಾಧ್ಯತೆ ಶೇ 80ರಷ್ಟಿರುವ ಬುದ್ಧಿವಂತ ವಿದ್ಯಾರ್ಥಿ ಎಂದಿಟ್ಟುಕೊಳ್ಳಿ. ಪ್ರತಿ ಫಲಿತಾಂಶವೂ ಸ್ವತಂತ್ರ ಎಂದುಕೊಂಡರೆ, ಹದಿಮೂರನ್ನೂ ಮೊದಲ ಯತ್ನದಲ್ಲೇ ದಾಟುವ ಸಾಧ್ಯತೆ ಶೇ 5.5 ಮಾತ್ರ. ಅಂದರೆ ಇಷ್ಟು ಸಮರ್ಥರಾದ ನೂರು ಜನರಲ್ಲಿ ತೊಂಬತ್ತನಾಲ್ಕಕ್ಕೂ ಹೆಚ್ಚು ಮಂದಿ ಎಲ್ಲಾದರೂ ಒಮ್ಮೆ ಎಡವಲೇಬೇಕು. ತೇರ್ಗಡೆಯ ಸಾಧ್ಯತೆ ಶೇ 50 ಎಂದಾದರೆ ಹದಿಮೂರು ಪತ್ರಿಕೆಗಳಿಗೆ ಸರಾಸರಿ 26 ಯತ್ನಗಳು ಬೇಕು. ಪ್ರತಿ ಬಾರಿ ಎರಡು ಪತ್ರಿಕೆ ಬರೆದರೂ ಆರೂವರೆ ವರ್ಷ. ಇದು ಸೋಮಾರಿಯ ಕಥೆಯಲ್ಲ, ಸಾಮಾನ್ಯ ವಿದ್ಯಾರ್ಥಿಯ ಕಥೆ.

ಸಿ.ಎ. ಪರೀಕ್ಷೆಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. 2023ರ ನವೆಂಬರ್‌ನ ಅಂತಿಮ ಪರೀಕ್ಷೆಯಲ್ಲಿ ಎರಡೂ ಗುಂಪುಗಳನ್ನು ಒಟ್ಟಿಗೆ ಬರೆದವರ ಪೈಕಿ ತೇರ್ಗಡೆಯಾದವರು ಶೇ 9.42. ಹತ್ತರಲ್ಲಿ ಒಂಬತ್ತು ಮಂದಿ ಉಳಿದುಹೋಗುವ ಪರೀಕ್ಷೆಯಲ್ಲಿ ಉಳಿದುಹೋದದ್ದನ್ನು ಕಳಂಕವೆಂದು ಭಾವಿಸುವುದು ಯಾವ ನ್ಯಾಯ?

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಮರೆಮಾಚಿ ಧೈರ್ಯ ತುಂಬುವುದು ಪ್ರಾಮಾಣಿಕತೆಯಲ್ಲ. ತೇರ್ಗಡೆಯ ಸಾಧ್ಯತೆ ಶೇ 40 ಇರುವವನು ಒಂದೇ ಪತ್ರಿಕೆಯಲ್ಲಿ ಸತತ ನಾಲ್ಕು ಬಾರಿ ಸೋಲುವ ಸಂಭವ ಸುಮಾರು ಶೇ 13. ಅದು ಅಪರೂಪವೇನಲ್ಲ, ಸಮರ್ಥನಿಗೂ ಬರಬಹುದಾದ ದುರದೃಷ್ಟ. ಆದರೆ ಸಾಧ್ಯತೆ ಶೇ 10 ಮಾತ್ರ ಇರುವವನಿಗೆ ನಾಲ್ಕು ಸೋಲು ಬರುವ ಸಂಭವ ಸುಮಾರು ಶೇ 66. ಆದ್ದರಿಂದ ಒಂದು ಸೋಲು ಹೆಚ್ಚೇನನ್ನೂ ಹೇಳುವುದಿಲ್ಲ. ನಾಲ್ಕು ಸೋಲುಗಳು ಏನನ್ನೋ ಹೇಳುತ್ತಿರಬಹುದು. ಓದುವ ಕ್ರಮ ಬದಲಾಗಬೇಕೆಂದೋ, ಬುನಾದಿಯ ಗಣಿತ ಗಟ್ಟಿಯಾಗಬೇಕೆಂದೋ, ಈ ಹಾದಿ ತನ್ನದಲ್ಲವೆಂದೋ ಅದರ ಅರ್ಥವಿರಬಹುದು. ‘ಛಲ ಬಿಡಬೇಡ’ ಎಂಬ ಒಂದೇ ಉಪದೇಶ ಈ ಮೂರನ್ನೂ ಮುಚ್ಚಿಹಾಕುತ್ತದೆ.

ಈ ವಿವೇಕವನ್ನು ನಮ್ಮ ಬಯಲುಸೀಮೆಯ ರೈತರಿಂದ ಕಲಿಯಬಹುದು. ಅರಸೀಕೆರೆ ತಾಲ್ಲೂಕಿನ ಮಳೆಯಾಶ್ರಿತ ರಾಗಿ ಹೊಲದಲ್ಲಿ ಬೆಳೆ ಕೈಕೊಟ್ಟರೆ ಅದನ್ನು ಯಾರೂ ರೈತನ ದಡ್ಡತನ ಎನ್ನುವುದಿಲ್ಲ. ಆತ ಮತ್ತೆ ಬಿತ್ತುತ್ತಾನೆ. ಆದರೆ ತಳಿ ಬದಲಿಸುತ್ತಾನೆ, ಜೊತೆಗೆ ಅವರೆಯನ್ನೋ ಜೋಳವನ್ನೋ ಹಾಕುತ್ತಾನೆ, ನಾಲ್ಕು ತೆಂಗಿನ ಮರ, ಎರಡು ಹಸು ಇಟ್ಟುಕೊಳ್ಳುತ್ತಾನೆ. ಇರುವುದೆಲ್ಲವನ್ನೂ ಒಂದೇ ಮಳೆಗೆ ಒತ್ತೆಯಿಡುವುದಿಲ್ಲ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಗರಿಷ್ಠ ಶೇ 2. ಆ್ಯಕ್ಚುಯರಿ ಲೆಕ್ಕದ ನೈಜ ದರ ಅದಕ್ಕಿಂತ ಹೆಚ್ಚಿದ್ದರೆ ವ್ಯತ್ಯಾಸವನ್ನು ಸರ್ಕಾರಗಳು ಭರಿಸುತ್ತವೆ. ನಷ್ಟ ಬಂದೇ ಬರುತ್ತದೆಂದು ಒಪ್ಪಿಕೊಂಡು, ಅದರ ಭಾರವನ್ನು ಮೊದಲೇ ಹಂಚಿಟ್ಟುಕೊಳ್ಳುವುದೇ ವಿಮೆಯ ತತ್ತ್ವ. ಹೊಲಕ್ಕೆ ಒಪ್ಪುವ ಈ ತತ್ತ್ವವನ್ನು ಅದೇ ರೈತನ ಮಗನ ಓದಿಗೆ ಅನ್ವಯಿಸಲು ನಾವೇಕೆ ಹಿಂಜರಿಯುತ್ತೇವೆ?

ಬಹುಶಃ ನಮ್ಮ ಮನಸ್ಸಿನಲ್ಲಿ ಬೇರೂರಿರುವುದು ಬೇರೆಯೇ ಆದರ್ಶ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯ ಈ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಜಕಣಾಚಾರಿಯ ವಿಗ್ರಹದಲ್ಲಿ ದೋಷವಿದೆಯೆಂದು ಯುವ ಶಿಲ್ಪಿ ಡಂಕಣ ತೋರಿಸಿಕೊಟ್ಟನಂತೆ; ಆಡಿದ ಮಾತಿಗೆ ಕಟ್ಟುಬಿದ್ದ ಜಕಣಾಚಾರಿ ತನ್ನ ಬಲಗೈಯನ್ನೇ ಕತ್ತರಿಸಿಕೊಂಡನಂತೆ. ಒಂದು ತಪ್ಪಿಗೆ ಕೈಯನ್ನೇ ದಂಡ ತೆರುವುದನ್ನು ನಾವು ಸ್ವಾಭಿಮಾನವೆಂದು ಕೊಂಡಾಡಿದ್ದೇವೆ. ಅದೇ ಐತಿಹ್ಯದ ಕೊನೆಯನ್ನು, ಕೈದಾಳದಲ್ಲಿ ಮತ್ತೆ ಗುಡಿ ಕಟ್ಟಿ ಆತ ಕೈ ಮರಳಿ ಪಡೆದದ್ದನ್ನು, ಅಷ್ಟಾಗಿ ನೆನೆಯುವುದಿಲ್ಲ. ಇನ್ನು ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಇಂದು ಶಿಖರಗಳೇ ಇಲ್ಲ. 2023ರಲ್ಲಿ ಯುನೆಸ್ಕೊ ಅದನ್ನು ಬೇಲೂರು, ಸೋಮನಾಥಪುರಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಶಿಖರವಿಲ್ಲವೆಂಬುದು ಅಡ್ಡಿಯಾಗಲಿಲ್ಲ. ಹದಿಮೂರರಲ್ಲಿ ಏಳು ಪತ್ರಿಕೆ ಮುಗಿಸಿದವನ ವಿದ್ಯೆಯೂ ವಿದ್ಯೆಯೇ. ವಿಮಾ ಕಂಪನಿಗಳು, ಸಲಹಾ ಸಂಸ್ಥೆಗಳು, ದತ್ತಾಂಶ ವಿಶ್ಲೇಷಣೆಯ ಉದ್ಯಮಗಳು ಅದಕ್ಕೆ ಬೆಲೆ ಕೊಡುತ್ತವೆ. ಬೆಲೆ ಕೊಡದಿರುವುದು ನಾವು.

ಇದರ ಪರಿಣಾಮ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಒಂದು ಸಾವಿಗೆ ಒಂದೇ ಕಾರಣವಿರುವುದಿಲ್ಲ, ನಿಜ. ಆದರೆ ಸೋಲಿನ ಜೊತೆ ನಾಚಿಕೆಯೂ ಸೇರಿದಾಗ ಮನುಷ್ಯ ಮಾತು ನಿಲ್ಲಿಸುತ್ತಾನೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಕನ್ನಡದಲ್ಲೂ ಉಚಿತವಾಗಿ ಲಭ್ಯವಿದೆ. ಅಲ್ಲಿಗೆ ಕರೆ ಮಾಡುವುದು ವೈದ್ಯರ ಬಳಿ ಹೋದಷ್ಟೇ ಸಹಜವಾಗಬೇಕು.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಪ್ರವೇಶಕ್ಕೆ ಮೊದಲೇ ಮನೆಯವರೆಲ್ಲ ಕುಳಿತು ಎಷ್ಟು ವರ್ಷ, ಎಷ್ಟು ಹಣ ಎಂಬ ಮಿತಿ ಹಾಕಿಕೊಳ್ಳಬೇಕು. ಫಲಿತಾಂಶದ ರಾತ್ರಿ ಅಂತಹ ನಿರ್ಧಾರ ತೆಗೆದುಕೊಳ್ಳಲಾಗದು. ಎರಡನೆಯದಾಗಿ, ಒಂದೆರಡು ಸೋಲಿನ ನಂತರವಾದರೂ ಯಾವುದಾದರೊಂದು ಉದ್ಯೋಗ ಹಿಡಿದು ಓದು ಮುಂದುವರಿಸುವುದು ಲೇಸು. ಸಂಬಳದ ಜೊತೆಗೆ, ‘ಏನು ಮಾಡ್ತಿದ್ದೀಯ’ ಎಂಬ ಪ್ರಶ್ನೆಗೆ ಉತ್ತರವೂ ಸಿಗುತ್ತದೆ. ಮೂರನೆಯದಾಗಿ, ಒಂದು ಪತ್ರಿಕೆ ಮುಗಿಸಲು ಸರಾಸರಿ ಎಷ್ಟು ಯತ್ನ, ಪೂರ್ಣ ಅರ್ಹತೆಗೆ ಎಷ್ಟು ವರ್ಷ ಎಂಬುದನ್ನು ವೃತ್ತಿ ಸಂಸ್ಥೆಗಳೂ ತರಬೇತಿ ಕೇಂದ್ರಗಳೂ ಸೇರುವವರ ಕೈಗೇ ಬರೆದುಕೊಡಬೇಕು. ಜಾಹೀರಾತಿನಲ್ಲಿ ಗೆದ್ದವರ ಭಾವಚಿತ್ರವಷ್ಟೇ ಇದ್ದರೆ ಅದು ಅರ್ಧಸತ್ಯ.

ನಮ್ಮ ರಾಜ್ಯ ಶಾಲಾ ಹಂತದಲ್ಲಿ ಇಂತಹದೊಂದು ಹೆಜ್ಜೆ ಇಟ್ಟಿದೆ. 2023–24ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಯಲ್ಲಿ ‘ಪೂರಕ ಪರೀಕ್ಷೆ’ ಎಂಬ ಹೆಸರು ಹೋಗಿ ಪರೀಕ್ಷೆ ಒಂದು, ಎರಡು, ಮೂರು ಎಂದಾಯಿತು. ಹೆಸರು ಬದಲಾದ ಮಾತ್ರಕ್ಕೆ ಕಲಿಕೆ ಸುಧಾರಿಸದು, ಆದರೆ ಎರಡನೆಯ ಯತ್ನ ಅವಮಾನವಲ್ಲ ಎಂಬ ಮಾತನ್ನು ಸರ್ಕಾರವೇ ಆಡಿದಂತಾಯಿತು. ವಯಸ್ಕರಾದ ಅಭ್ಯರ್ಥಿಗಳ ವಿಷಯದಲ್ಲಿ ಆ ಮಾತನ್ನು ಸಮಾಜ ಆಡಬೇಕಾಗಿದೆ. ಅದಕ್ಕೆ ಕಾಯ್ದೆ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಮುಂದಿನ ಮದುವೆ ಮನೆಯಲ್ಲಿ ‘ಇನ್ನೂ ಮುಗೀಲಿಲ್ವಾ’ ಎನ್ನುವ ಬದಲು ‘ಇಲ್ಲಿವರೆಗೆ ಎಷ್ಟು ಪೇಪರ್ ಆಯ್ತಪ್ಪಾ?’ ಎಂದು ಕೇಳಿದರೆ ಸಾಕು. ಆ ಯುವಕನ ಬಳಿ ಅದಕ್ಕೊಂದು ಉತ್ತರವಿರುತ್ತದೆ.