ಬ್ರಿಜಿಡಳ ಇರುಳು

ಐರ್ಲೆಂಡಿನ ಹಳ್ಳಿಯ ಮನೆಗಳಲ್ಲಿ ಜನವರಿ 31ರ ಸಂಜೆಯೆಂದರೆ ಗೃಹಿಣಿಗೆ ಬಿಡುವಿಲ್ಲದ ಹೊತ್ತಾಗಿತ್ತು. ಮರುದಿನ ಸಂತ ಬ್ರಿಜಿಡಳ ಹಬ್ಬ. ಆ ನಾಡಿನ ಒಕ್ಕಲುಮಕ್ಕಳ ಎಣಿಕೆಯಲ್ಲಿ ವಸಂತದ ಮೊದಲ ದಿನ. ಕಿಲ್ಡೇರ್ ಎಂಬಲ್ಲಿ ಸಂನ್ಯಾಸಿನಿಯರ ಮಠವನ್ನು ಸ್ಥಾಪಿಸಿದಳೆಂದು ಪ್ರಸಿದ್ಧಳಾದ ಈ ಸಾಧ್ವಿಯನ್ನು ಹಳ್ಳಿಗರು ಹಾಲು, ಬೆಣ್ಣೆ, ದನಕರುಗಳ ರಕ್ಷಕಿಯೆಂದೇ ಹೆಚ್ಚಾಗಿ ಬಲ್ಲರು. ಚಳಿಗಾಲಕ್ಕೆಂದು ಕೂಡಿಟ್ಟ ಮೇವು ಕರಗುತ್ತಿರುವ, ಹಸುಗಳು ಈಯುವ ದಿನಗಳು ಹತ್ತಿರವಾಗುತ್ತಿರುವ ಆ ಹೊತ್ತಿನಲ್ಲಿ, ಆಕೆಯು ಇರುಳೆಲ್ಲ ನಾಡಿನಲ್ಲಿ ಸಂಚರಿಸಿ ಮನೆಮನೆಯನ್ನೂ ಹರಸುವಳೆಂದು ನಂಬಿದ್ದರು.

ಹಲವೆಡೆ ಮನೆಯ ಹುಡುಗಿಯೊಬ್ಬಳು ಜೊಂಡುಹುಲ್ಲಿನ ಹೊರೆಯೊಡನೆ ಹೊರಗೆ ನಿಂತು, ಬ್ರಿಜಿಡಳು ಬಂದಿರುವಳು, ಬಾಗಿಲು ತೆರೆಯಿರಿ ಎಂದು ಕೂಗುತ್ತಿದ್ದಳು. ಒಳಗಿನವರು ಆದರದಿಂದ ಬರಮಾಡಿಕೊಂಡು, ಊಟವಾದ ಮೇಲೆ ಆ ಜೊಂಡಿನಿಂದಲೇ ಶಿಲುಬೆಗಳನ್ನು ಹೆಣೆದು ಬಾಗಿಲ ಮೇಲೆಯೂ ಕೊಟ್ಟಿಗೆಯಲ್ಲಿಯೂ ಹುಲ್ಲಿನ ಮಾಡಿನ ಒಳಗೂ ಸಿಕ್ಕಿಸುತ್ತಿದ್ದರು. ಮನೆಗೆ ಬೆಂಕಿ ತಗಲದಿರಲೆಂಬುದು ಅದರ ಉದ್ದೇಶ. ಹುಲ್ಲುಮನೆಯಲ್ಲಿ ಬಾಳಿದವರಿಗೆ ಆ ಭಯವನ್ನು ವಿವರಿಸಬೇಕಾಗಿಲ್ಲ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದುದು ಒಂದು ಬಟ್ಟೆಯ ತುಂಡು. ಅದನ್ನು ಆ ರಾತ್ರಿ ಬೇಲಿಯ ಮೇಲೆಯೋ ಕಿಟಕಿಯ ಹೊರಗೋ ಇಡುತ್ತಿದ್ದರು. ಹಾದುಹೋಗುವಾಗ ಬ್ರಿಜಿಡಳು ಅದನ್ನು ಮುಟ್ಟುವಳೆಂದು ನಂಬಿಕೆ. ಬೆಳಗಾದೊಡನೆ ಒಳಕ್ಕೆ ತಂದು ವರ್ಷವೆಲ್ಲ ಜೋಪಾನಮಾಡುವರು. ತಲೆನೋವು ಬಂದವರ ಹಣೆಗೆ ಅದೇ ಕಟ್ಟು; ಹೆರಿಗೆಯ ಬೇನೆಯಲ್ಲಿರುವವಳ ಮೈಮೇಲೆ ಅದೇ ಹೊದಿಕೆ; ಈಯಲಾರದೆ ತೊಳಲುವ ಹಸುವಿನ ಬೆನ್ನಿಗೂ ಅದೇ. ನಗುವುದು ಸುಲಭ. ಆದರೆ ವೈದ್ಯನು ಬಹುದೂರದಲ್ಲಿದ್ದು, ಹೆರಿಗೆಯು ಕಷ್ಟವಾದ ಇರುಳಿನಲ್ಲಿ, ಸೂಲಗಿತ್ತಿಯು ಬಸಿರಿಯ ಧೈರ್ಯಕ್ಕೆಂದು ಬೇರೇನನ್ನು ತಾನೆ ಕೊಡಬಲ್ಲವಳಾಗಿದ್ದಳು?

ಬಟ್ಟೆಗೂ ಈ ಸಾಧ್ವಿಗೂ ಹಳೆಯ ನಂಟು. ಮಠಕ್ಕೆ ಭೂಮಿಯನ್ನು ಬೇಡಿದಾಗ ಲೆನ್‌ಸ್ಟರಿನ ಅರಸನು ಕೊಡಲೊಲ್ಲದೆ ಹೋದನಂತೆ. ನನ್ನ ಮೇಲುಹೊದಿಕೆಯು ಮುಚ್ಚುವಷ್ಟನ್ನಾದರೂ ಕೊಡು ಎಂದಳು. ಅಷ್ಟೇ ತಾನೆ ಎಂದು ಅರಸನು ಒಪ್ಪಿದನು. ಹಾಸಿದ ಹೊದಿಕೆಯು ಹರಡುತ್ತ ಹರಡುತ್ತ ಕರಾ ಎಂಬ ವಿಶಾಲವಾದ ಬಯಲನ್ನೆಲ್ಲ ಮುಚ್ಚಿಬಿಟ್ಟಿತು! ಕಿಲ್ಡೇರಿನ ಬಳಿಯ ಆ ಹುಲ್ಲುಗಾವಲಿನಲ್ಲಿ ಇಂದಿಗೂ ಕುರಿಗಳು ಮೇಯುತ್ತವೆ.

1942ರಲ್ಲಿ ಐರ್ಲೆಂಡಿನ ಜಾನಪದ ಮಂಡಲಿಯು ಊರೂರಿಗೆ ಪ್ರಶ್ನಾವಳಿಯನ್ನು ಕಳುಹಿಸಿ ಈ ಹಬ್ಬದ ಆಚಾರಗಳನ್ನು ಬರೆಯಿಸಿಕೊಂಡಿತು. 2023ರಿಂದ ಹಬ್ಬಕ್ಕಾಗಿ ದೇಶಕ್ಕೆಲ್ಲ ಒಂದು ದಿನದ ರಜೆಯೂ ದೊರೆತಿದೆ. ಶಾಲೆಯ ಮಕ್ಕಳು ಈಗಲೂ ಜೊಂಡಿನ ಶಿಲುಬೆಗಳನ್ನು ಹೆಣೆಯುತ್ತಾರೆ. ಬಟ್ಟೆಯನ್ನು ಹೊರಗಿಡುವ ಮನೆಗಳೂ ಇಲ್ಲದಿಲ್ಲ. ಅದು ಹಳೆಯದಾದಷ್ಟೂ ಗುಣ ಹೆಚ್ಚೆಂದು ಅಲ್ಲಿಯ ಹಿರಿಯರ ಮಾತು.